ಹಿಟ್ಟಿನ ಕೋಳಿಯೂ ಎತ್ತಿದ ಕೈಯೂ

ಆಶ್ವಯುಜ ಶುದ್ಧ ಅಷ್ಟಮಿಯನ್ನು ಕರಾವಳಿಯ ಜೈನ ಮನೆಗಳು ಜೀವದಯಾಷ್ಟಮಿ ಎಂದು ಆಚರಿಸುತ್ತವೆ. ನವರಾತ್ರಿಯ ನಡುವೆ ಬರುವ ಈ ಪರ್ವಕ್ಕೆ ಹೆಚ್ಚಿನ ಆಡಂಬರವಿಲ್ಲ. ಬಸದಿಯಲ್ಲಿ ಪೂಜೆ, ಹಿರಿಯರಿಗೆ ಉಪವಾಸ ಅಥವಾ ಏಕಭುಕ್ತ, ಮನೆಯಲ್ಲಿ ಯಶೋಧರನ ಕಥೆ. ಜನ್ನ ಕವಿಯು 1209ರಲ್ಲಿ ‘ಯಶೋಧರ ಚರಿತೆ’ಯಾಗಿ ರಚಿಸಿದ ಆ ಕಥೆಯು ಇಂದಿಗೂ ಅಜ್ಜಿಯಂದಿರ ಬಾಯಲ್ಲಿ ಆಡುಮಾತಾಗಿ ಉಳಿದುಕೊಂಡಿದೆ.

ಕಾರ್ಕಳ ತಾಲ್ಲೂಕಿನ ಒಂದು ಹಳೆಯ ಮನೆಗೆ ದಸರೆಯ ರಜೆಯಲ್ಲಿ ಬೆಂಗಳೂರಿನಿಂದ ಮಗ, ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳು ಬರುವುದು ರೂಢಿ. ಮೊಮ್ಮಗಳಿಗೆ ಒಂಬತ್ತು ವರ್ಷ, ಮೊಮ್ಮಗನಿಗೆ ಆರು. ಆ ವರ್ಷದ ಅಷ್ಟಮಿಯಂದು ಮಕ್ಕಳು ನಸುಕಿನಲ್ಲೇ ಎದ್ದು, ಮಿಂದು, ಚತುರ್ಮುಖ ಬಸದಿಯ ಮೆಟ್ಟಿಲುಗಳನ್ನು ಎಣಿಸುತ್ತ ಏರಿದ್ದರು. ನಾಲ್ಕು ದಿಕ್ಕಿಗೂ ಬಾಗಿಲುಗಳಿರುವ ಆ ಬಸದಿಯಲ್ಲಿ ಯಾವ ಬಾಗಿಲಿನಿಂದ ನೋಡಿದರೂ ಭಗವಂತನ ದರ್ಶನವಾಗುವುದನ್ನು ಕಂಡು ಹುಡುಗನಿಗೆ ಹಿಡಿಸಲಾರದ ಸಂತೋಷ.

ಮನೆಗೆ ಹಿಂದಿರುಗಿದ ಮೇಲೆ ಸೊಸೆ ಅಡುಗೆಮನೆ ಸೇರಿದಳು. ಅಂದು ಆಕೆಯದು ಉಪವಾಸ. ಆದರೂ ಮಕ್ಕಳಿಗೆ ಪೂರಿ, ಪಾಯಸ ಆಗಬೇಕಿತ್ತು; ನೆಂಟರಿಗೆ ಬಡಿಸಬೇಕಿತ್ತು. ಮಕ್ಕಳು ಸುಮ್ಮನಿರಲೆಂದು ನಾದಿದ ಹಿಟ್ಟಿನ ಒಂದು ಮುದ್ದೆಯನ್ನು ಅವರ ಕೈಗಿತ್ತಳು. ಮಗಳು ಅದರಲ್ಲಿ ಕೋಳಿಯೊಂದನ್ನು ಮಾಡಿದಳು. ಜುಟ್ಟನ್ನು ತಿದ್ದಿ, ಕಣ್ಣಿನ ಜಾಗದಲ್ಲಿ ಮೆಣಸಿನ ಕಾಳುಗಳನ್ನು ಒತ್ತಿದಳು. ತಮ್ಮನು ಅದನ್ನು ಮೆಚ್ಚಿ ನೋಡಿದನು. ಅನಂತರ ಬಾಳೆಕಾಯಿ ಹೆಚ್ಚಲು ಇಟ್ಟಿದ್ದ ಚಾಕುವನ್ನು ಎತ್ತಿಕೊಂಡು, ಟೀವಿಯ ರಾಜನಂತೆ ಒಮ್ಮೆ ಗರ್ಜಿಸಿ, ಕೋಳಿಯ ಕೊರಳಿಗೆ ಒಂದೇಟು ಹಾಕಿದನು.

ತಾಯಿ ತಿರುಗಿ ನೋಡಿದಳು. ಮರುಕ್ಷಣವೇ ಹುಡುಗನ ಬೆನ್ನಿನ ಮೇಲೆ ಏಟು ಬಿದ್ದಿತು. “ಜೀವದಯಾಷ್ಟಮಿಯ ದಿನ ಇಂಥ ಕೆಲಸವೇ?” ಎಂಬ ಮಾತು ಹಜಾರದವರೆಗೂ ಕೇಳಿಸಿತು. ಹುಡುಗನು ಅಳಲಿಲ್ಲ. ಚಾಕುವನ್ನು ಕೆಳಗಿಟ್ಟು ಜಗಲಿಗೆ ಹೋಗಿ ಕುಳಿತನು.

ಊಟವಾದ ಮೇಲೆ ಅಜ್ಜಿ ಕಥೆಗೆ ತೊಡಗಿದರು. ಯಶೋಧರನ ಕೆಟ್ಟ ಕನಸಿನ ಮಾತು ಕೇಳಿ ತಾಯಿ ಚಂದ್ರಮತಿಯು ದೇವಿಗೆ ಬಲಿ ಕೊಡಬೇಕೆಂದು ಹಟ ಹಿಡಿದಳು. ಜೀವವನ್ನು ಕೊಲ್ಲಲೊಲ್ಲದ ಅರಸನು ತಾಯಿಯ ಮಾತನ್ನೂ ಮೀರಲಾರದೆ ಹಿಟ್ಟಿನ ಕೋಳಿಯನ್ನು ಕಡಿದನು. ಕತ್ತಿ ತಾಗಿದಾಗ ಹಿಟ್ಟಿನ ಕೋಳಿ ಕೂಗಿತು. ಆ ಒಂದು ಸಂಕಲ್ಪಕ್ಕಾಗಿ ತಾಯಿಯೂ ಮಗನೂ ನವಿಲು ಮತ್ತು ನಾಯಿಯಾಗಿ ಹುಟ್ಟಿದರು. ಮುಂದೆಯೂ ಪ್ರಾಣಿಜನ್ಮಗಳಲ್ಲಿ ತೊಳಲಿ, ಕಡೆಗೆ ಕೋಳಿಗಳಾಗಿಯೇ ಹುಟ್ಟಿ ಸತ್ತರು.

“ಹಿಟ್ಟಿನ ಕೋಳಿಗೆ ನೋವಾಯಿತೇ, ಅಜ್ಜಿ?” ಎಂದು ಹುಡುಗ ಕೇಳಿದನು.

“ಹಿಟ್ಟಿಗೆ ನೋವೆಲ್ಲಿಯದು ಮಗೂ? ಕೊಲ್ಲುತ್ತೇನೆ ಎಂದುಕೊಂಡು ಕೈ ಎತ್ತಿದನಲ್ಲ, ಪಾಪ ಅಲ್ಲಿ ಅಂಟಿತು.”

ಹುಡುಗನು ಕೊಂಚ ಹೊತ್ತು ಯೋಚಿಸಿದನು. “ನಾನು ಕಡಿದದ್ದು ಆಟಕ್ಕೆ. ಅಮ್ಮ ಹೊಡೆದದ್ದು ಆಟಕ್ಕಲ್ಲ” ಎಂದನು.

ಜಗಲಿಯಲ್ಲಿ ಯಾರೂ ಮಾತನಾಡಲಿಲ್ಲ. ಅವನ ಮಾತಿನಲ್ಲಿ ಉದ್ಧಟತನವಿರಲಿಲ್ಲ. ಅಜ್ಜಿ ಆಗಷ್ಟೇ ಕೊಟ್ಟ ಅಳತೆಗೋಲಿನಿಂದಲೇ ಅವನು ಅಳೆದಿದ್ದನು. ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಎಣಿಸದೆ ಅದರ ಹಿಂದಿನ ಪ್ರಮಾದವನ್ನು ಮುಂದಿಡುತ್ತದೆ. ಆ ಸೂತ್ರವನ್ನು ಓದದ ಮಗುವೊಂದು ಅದರ ಹತ್ತಿರಕ್ಕೆ ಬಂದು ನಿಂತಿತ್ತು. ತಾಯಿಯ ಕೈಯನ್ನು ಆ ಹೊತ್ತು ಎತ್ತಿಸಿದ್ದು ದಯೆಯಲ್ಲ. ಹಸಿವು, ದಣಿವು, ನೆಂಟರು ಏನೆಂದುಕೊಳ್ಳುವರೋ ಎಂಬ ಅಂಜಿಕೆ, ಇವೆಲ್ಲ ಕೂಡಿ ಹುಟ್ಟಿದ ಕ್ರೋಧ ಅದು. ಹಾಗೆಂದು ಚಾಕುವನ್ನು ಮಗುವಿನ ಕೈಯಿಂದ ಬಿಡಿಸಿದ್ದು ತಪ್ಪಲ್ಲ, ಬಿಡಿಸಲೇಬೇಕಿತ್ತು. ಆದರೆ ಅದಕ್ಕೆ ಏಟು ಬೇಕಿರಲಿಲ್ಲ.

ಮೂರು ವಾರಗಳ ಹಿಂದೆಯಷ್ಟೇ, ದಶಲಕ್ಷಣ ಪರ್ವ ಮುಗಿದ ಮೇಲೆ, ಕ್ಷಮಾವಣಿಯಂದು ಆಕೆ ಅತ್ತೆಯವರಿಗೆ ಫೋನ್ ಮಾಡಿ ಕ್ಷಮೆ ಕೇಳಿದ್ದಳು. ನಾದಿನಿಯರಿಗೆ, ನೆರೆಯವರಿಗೆ, ಮಾತು ಬಿಟ್ಟಿದ್ದ ಒಬ್ಬ ಗೆಳತಿಗೂ ಕೈಮುಗಿದಿದ್ದಳು. ಮಕ್ಕಳಿಂದ ತನ್ನ ಕ್ಷಮೆ ಕೇಳಿಸಿಕೊಂಡೂ ಇದ್ದಳು. ಆದರೆ ಮಕ್ಕಳ ಕ್ಷಮೆಯನ್ನು ತಾನು ಕೇಳಬೇಕೆಂಬುದು ಆಕೆಗೆ ಹೊಳೆದಿರಲಿಲ್ಲ. ಅವಳ ತಾಯಿಯೂ ಕೇಳಿರಲಿಲ್ಲ, ಅತ್ತೆಯೂ ಕೇಳಿರಲಿಲ್ಲ.

ಆಕೆ ಎದ್ದು ಬಂದು ಮಗನ ಎದುರಿಗೆ ನೆಲದ ಮೇಲೆ ಕುಳಿತಳು. ಕ್ಷಮಾವಣಿಯ ದಿನ ಹಿರಿಯರ ಮುಂದೆ ಹೇಳಿದ ಮಾತನ್ನೇ, ಅಷ್ಟೇ ಗಂಭೀರವಾಗಿ, ಕೈಮುಗಿದು ಹೇಳಿದಳು. ಏನು ಉತ್ತರ ಕೊಡಬೇಕೆಂದು ಹುಡುಗನಿಗೆ ತಿಳಿಯಲಿಲ್ಲ. ಅಕ್ಕನ ಮುಖ ನೋಡಿದನು. ಕೊನೆಗೆ “ಆಯಿತಮ್ಮ” ಎಂದು, ತಾನೂ ಕೈಮುಗಿದನು. ಅಜ್ಜಿ ಸೆರಗಿನಿಂದ ಕಣ್ಣೊರಸಿಕೊಂಡು, “ಕಥೆ ಇನ್ನೂ ಇದೆ, ಕೇಳಿ” ಎಂದರು.

ಕಥೆಯ ಉಳಿದ ಭಾಗವೂ ಮಕ್ಕಳದ್ದೇ. ಆ ಎರಡು ಜೀವಗಳು ಕಡೆಗೆ ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರಾಗಿ ಹುಟ್ಟುತ್ತವೆ. ಬಲಿಗೆಂದು ಮಾರಿದತ್ತ ರಾಜನ ಮುಂದೆ ತಂದು ನಿಲ್ಲಿಸಿದಾಗ ಆ ಎಳೆಯರು ಅಂಜದೆ ತಮ್ಮ ಪೂರ್ವಜನ್ಮಗಳನ್ನು ಹೇಳುತ್ತಾರೆ. ಕೈಯಲ್ಲಿ ಖಡ್ಗವಿದ್ದ ಅರಸನು ಅವರ ಮಾತಿಗೆ ಕಿವಿಗೊಟ್ಟು ಹಿಂಸೆಯನ್ನು ಬಿಡುತ್ತಾನೆ. ಮಕ್ಕಳ ಧೈರ್ಯ ದೊಡ್ಡದು. ಅವರ ಮಾತನ್ನು ಕೇಳಿಸಿಕೊಂಡ ಅರಸನ ವಿವೇಕವೂ ಸಣ್ಣದಲ್ಲ.

ಹಬ್ಬದ ಅರ್ಥವನ್ನು ಮಕ್ಕಳಿಗೆ ತಿಳಿಸಬೇಕೆಂದು ಹಿರಿಯರು ಹೇಳುವುದುಂಟು, ಅದು ಸರಿಯೇ. ಆದರೆ ಮಕ್ಕಳು ಕಥೆಯನ್ನು ಕಿವಿಯಿಂದ ಕೇಳುವಾಗ ಹಿರಿಯರ ಕೈಯನ್ನು ಕಣ್ಣಿನಿಂದ ನೋಡುತ್ತಿರುತ್ತಾರೆ. ಎರಡೂ ಒಂದಾದಲ್ಲಿ ಆಚರಣೆ ಮುಂದಿನ ತಲೆಮಾರಿಗೆ ಸಲ್ಲುತ್ತದೆ. ಎರಡೂ ಬೇರೆಯಾದಲ್ಲಿ ಅಡುಗೆಯ ಪಟ್ಟಿಯಷ್ಟೇ ಸಲ್ಲುತ್ತದೆ.

ಆ ಹಿಟ್ಟಿನ ಕೋಳಿಯನ್ನು ಯಾರೂ ಎಣ್ಣೆಗೆ ಬಿಡಲಿಲ್ಲ. ಅಕ್ಕ ಮತ್ತು ತಮ್ಮ ಅದರ ಕೊರಳನ್ನು ಮತ್ತೆ ಅಂಟಿಸಿ ತೆಂಗಿನ ಮರದ ಬುಡದಲ್ಲಿ ಇಟ್ಟರು. ಸಂಜೆಗೆ ಇರುವೆಗಳ ಸಾಲು ಬಂದಿತ್ತು. ಹುಡುಗನು ಆ ಸಾಲನ್ನು ತುಳಿಯದಂತೆ ದಾಟಿ ಬಂದು, ಸೂರ್ಯ ಮುಳುಗುವ ಮುನ್ನ ಊಟಕ್ಕೆ ಕುಳಿತನು.

ಈಗ ಆ ಮನೆಯಲ್ಲಿ ಕ್ಷಮಾವಣಿಯ ಕ್ರಮ ಸ್ವಲ್ಪ ಬದಲಾಗಿದೆ. ಮೊದಲು ಹಿರಿಯರು ಕಿರಿಯರಲ್ಲಿ ಕ್ಷಮೆ ಕೇಳುತ್ತಾರೆ. ಆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಅಜ್ಜಿ. ಆದ್ದರಿಂದ ಮೊದಲು ಕೈಮುಗಿಯುವವರೂ ಅವರೇ.