ಹಬ್ಬವೊಂದು ಮುಗಿಯಲಿ

ನಮ್ಮ ಮನೆಯಲ್ಲಿ ಯಾರಿಗೆ ಸೀನು ಬಂದರೂ ಮೊದಲು ಚಪ್ಪಲಿ ಮೆಟ್ಟುವವಳು ನಾನು. ಅತ್ತೆಯವರ ಬಿ.ಪಿ., ನಮ್ಮವರ ಸಕ್ಕರೆ, ಮಗನ ಅಲರ್ಜಿ, ಮಗಳ ಹಲ್ಲು, ಇಷ್ಟೂ ಖಾತೆಗಳು ನನ್ನವೇ. ಯಾವ ಡಾಕ್ಟರಿಗೆ ಯಾವ ವಾರ ರಜೆ, ಎಷ್ಟು ಹೊತ್ತಿಗೆ ಹೋದರೆ ಮೊದಲ ಹತ್ತು ಟೋಕನ್ನಿನೊಳಗೆ ಸಿಗುತ್ತದೆ, ಯಾವ ಮೆಡಿಕಲ್ ಶಾಪಿನವನು ಗೊಣಗದೆ ನಾಲ್ಕೇ ಮಾತ್ರೆ ಕತ್ತರಿಸಿ ಕೊಡುತ್ತಾನೆ ಎಂಬುದೆಲ್ಲ ನನಗೆ ಬಾಯಿಪಾಠ. ಸಾಗರದ ಆಸ್ಪತ್ರೆಗಳ ಬೆಂಚುಗಳ ಮೇಲೆ ಕೂತು ನಾನು ಹೆಣೆದ ಸ್ವೆಟರುಗಳನ್ನು ಒಟ್ಟು ಮಾಡಿದರೆ ಒಂದು ಸಣ್ಣ ಅಂಗಡಿ ಇಡಬಹುದು. ಆದರೆ ಆ ಬೆಂಚಿನಿಂದ ಎದ್ದು, ಒಳಗೆ ಡಾಕ್ಟರ ಪಕ್ಕದ ಸ್ಟೂಲಿನ ಮೇಲೆ ನಾನೇ ಕೂರಲು ನನಗೆ ಎರಡೂವರೆ ವರ್ಷ ಹಿಡಿಯಿತು.

ಶುರುವಾದದ್ದು 2020ರ ಕೊನೆಯಲ್ಲಿ. ಆಗ ನನಗೆ ನಲವತ್ತೈದು. ತಿಂಗಳಿಗೆ ಮೂರು ದಿನವಿದ್ದದ್ದು ಐದಾಯಿತು, ಐದು ಎಂಟಾಯಿತು. ಆಮೇಲಾಮೇಲೆ ಹದಿನೈದು ದಿನಕ್ಕೊಮ್ಮೆ ಬಂದು, ಬಂದ ನೆಂಟರು ಹೊರಡುವ ಮಾತೇ ಎತ್ತದಂತೆ ಹತ್ತು ದಿನ ಕೂರತೊಡಗಿತು. ರಾತ್ರಿ ಎರಡು ಸಲ ಎದ್ದು ಬಟ್ಟೆ ಬದಲಿಸುವುದು, ಬೆಳಕಾಗುವ ಮೊದಲೇ ಹಾಸಿಗೆಯ ಹೊದಿಕೆ ನೆನೆಹಾಕುವುದು ಅಭ್ಯಾಸವಾಗಿಹೋಯಿತು. ಮದುವೆಮನೆಗೆ ಹೋಗುವಾಗ ಕಪ್ಪು ಅಥವಾ ಕಡುನೀಲಿ ಸೀರೆ. 'ನಿನಗೆ ಬೇರೆ ಬಣ್ಣವೇ ಸಿಗಲ್ವೇನೇ?' ಎಂದು ನಾದಿನಿ ಕೇಳಿದಾಗ ನಕ್ಕು ಸುಮ್ಮನಾಗುತ್ತಿದ್ದೆ.

ಹೇಳಿಕೊಂಡದ್ದೇ ಇಲ್ಲ ಎಂದರೆ ಸುಳ್ಳಾದೀತು. ಭಜನಾ ಮಂಡಳಿಯ ಗೆಳತಿಯರ ಬಳಿ ಒಮ್ಮೆ ಬಾಯಿಬಿಟ್ಟೆ. 'ನಿಲ್ಲೋ ಕಾಲ ಬಂತಲ್ಲ ಮಾರಾಯ್ತಿ, ಹೋಗೋ ಮೊದಲು ಒಂದಷ್ಟು ಕುಣಿದೇ ಹೋಗೋದು ಅದು' ಎಂದು ಒಬ್ಬಳು. 'ಬೀಟ್ರೂಟ್ ತಿನ್ನು' ಎಂದು ಇನ್ನೊಬ್ಬಳು. ನೆಲ್ಲಿಕಾಯಿ, ಅಂಜೂರ, ಕಬ್ಬಿಣದ ಬಾಣಲೆ, ಹೀಗೆ ಔಷಧಗಳ ಪಟ್ಟಿ ಬೆಳೆಯಿತೇ ಹೊರತು ಅಷ್ಟು ಮಂದಿಯಲ್ಲಿ ಒಬ್ಬಳೂ 'ಡಾಕ್ಟರಿಗೆ ತೋರಿಸಿದೆಯಾ?' ಎನ್ನಲಿಲ್ಲ. ನನಗೂ ಅದೇ ಬೇಕಿತ್ತೋ ಏನೋ. ಕಾಯಿಲೆಯಲ್ಲ, ಕಾಲ ಎಂದರು. ಕಾಲಕ್ಕೆ ಚೀಟಿ ಮಾಡಿಸಲು ಬರುತ್ತದೆಯೇ?

ಮುಂದೂಡಲು ನೆಪಗಳಿಗೇನು ಬರ! ಕೊರೋನಾ ಇಳಿಯಲಿ ಎಂದೆ. ಇಳಿಯಿತು. ಮಗಳ ಪಿ.ಯು. ಪರೀಕ್ಷೆ ಮುಗಿಯಲಿ ಎಂದೆ. ಮುಗಿಯಿತು. ಅಡಿಕೆ ಕೊಯ್ಲು, ಮಾವನವರ ವರ್ಷಾಂತ, ಗೌರಿ ಹಬ್ಬ. ಆ 2022ರ ಗೌರಿ ಹಬ್ಬಕ್ಕೆ ನಾನು ಮಾಡಿದ್ದನ್ನು ಹೇಳಲು ಈಗ ನಾಚಿಕೆಯಾಗುತ್ತದೆ. ಬಾಗಿನ ಕೊಡುವ ದಿನ 'ಆಗಿಬಿಟ್ಟರೆ' ಎಂದು ಹೆದರಿ, ಯಾರನ್ನೂ ಕೇಳದೆ ಮುಂದೆ ಹಾಕುವ ಮಾತ್ರೆ ತಂದು ನುಂಗಿದೆ. ನಮ್ಮಲ್ಲಿ ಎಷ್ಟೋ ಹೆಂಗಸರ ಪರ್ಸಿನಲ್ಲಿ ಕುಂಕುಮದ ಡಬ್ಬಿಯ ಪಕ್ಕ ಆ ಮಾತ್ರೆ ಇರುತ್ತದೆ, ನಿಮಗೂ ಗೊತ್ತು. ಹಬ್ಬವೇನೋ ಸಾಂಗವಾಗಿ ಆಯಿತು. ಮಾತ್ರೆ ನಿಲ್ಲಿಸಿದ ಮೂರನೆಯ ದಿನದಿಂದ, ಮುಂದೂಡಿದ ಸಾಲವನ್ನು ಬಡ್ಡಿ ಸಮೇತ ವಸೂಲಿ ಮಾಡಿದಂತೆ ಹದಿನಾರು ದಿನ ಹೋಯಿತು. ಬಚ್ಚಲಿನ ಗೋಡೆ ಹಿಡಿದು ನಿಂತವಳು ದೀಪಾವಳಿ ಕಳೆದ ಮೇಲೆ ಖಂಡಿತ ತೋರಿಸಬೇಕು ಎಂದುಕೊಂಡೆ. ದೀಪಾವಳಿ ಹೋಗಿ ಮಾರಿಜಾತ್ರೆ ಬಂತು. ನಮ್ಮೂರ ಮಾರಿಕಾಂಬೆಯ ಜಾತ್ರೆ ಮೂರು ವರ್ಷಕ್ಕೊಮ್ಮೆ. 2023ರ ಫೆಬ್ರವರಿಯಲ್ಲಿ ಮನೆ ತುಂಬ ನೆಂಟರು. ಅಷ್ಟು ಜನರಿಗೆ ಅನ್ನ ಬಸಿಯುವವಳು ಆಸ್ಪತ್ರೆಗೆ ಹೋಗಿ ಕೂತರೆ ದೇವಿಯೇ ಸಿಟ್ಟಾದಾಳು!

ನೆಪಗಳ ಹಿಂದೆ ಹೆದರಿಕೆ ಇತ್ತು. ನನ್ನ ಓರಗಿತ್ತಿ ಮೂವತ್ತಾರನೆಯ ವರ್ಷಕ್ಕೇ ಗರ್ಭಕೋಶ ತೆಗೆಸಿಕೊಂಡವಳು. ಬಿಳಿಮುಟ್ಟೆಂದು ಹೋದವಳಿಗೆ 'ಮಕ್ಕಳಾಗಿವೆಯಲ್ಲ, ಇನ್ನೇಕೆ ಅದು?' ಎಂದು ಕೇಳಿದ್ದರಂತೆ, ಮೂಲೆಯಲ್ಲಿ ಬಿದ್ದ ಹಳೆಯ ಒರಳನ್ನು ವಿಚಾರಿಸಿದ ಹಾಗೆ. ಕಲಬುರ್ಗಿ ಜಿಲ್ಲೆಯಲ್ಲಿ ತಾಂಡಾದ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದರೆಂದು 2015ರಲ್ಲಿ ಗಲಾಟೆಯಾಗಿ ವಿಚಾರಣೆ ನಡೆದದ್ದನ್ನೂ ಓದಿದ್ದೆ. ಒಳಗೆ ಹೋದರೆ ಖಾಲಿಯಾಗಿ ಬರುತ್ತೇನೆ ಎಂಬ ಭಯ.

ಇದಕ್ಕಿಂತ ಒಳಗಿನದು ಇನ್ನೊಂದು. ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ನನ್ನ ಚಿಕ್ಕಮ್ಮನನ್ನು ಇದೇ ತೊಂದರೆಗೆ ಕಾರಿನಲ್ಲಿ ಮಲಗಿಸಿಕೊಂಡು ಘಟ್ಟ ಇಳಿಸಿದರು. ಮೂರು ತಿಂಗಳಿಗೆ ಹೋಗಿಬಿಟ್ಟಳು. ಕ್ಯಾನ್ಸರ್ ಎಂಬ ಮಾತನ್ನು ದೊಡ್ಡವರು ಪಿಸುಗುಟ್ಟಿದ್ದು ಕಿವಿಗೆ ಬಿದ್ದಿತ್ತು. ಚಿಕ್ಕಮ್ಮ ಆಸ್ಪತ್ರೆಗೆ ಹೋದಳು, ಸತ್ತಳು ಎಂದೇ ನನ್ನ ಮನಸ್ಸು ಬರೆದುಕೊಂಡುಬಿಟ್ಟಿತ್ತು. ಎರಡು ವರ್ಷ ಯಾರಿಗೂ ಹೇಳದೆ ಇದ್ದು ಆಮೇಲೆ ಹೋದಳು ಎಂಬ ನಡುವಿನ ಸಾಲನ್ನು ಅಳಿಸಿಹಾಕಿತ್ತು.

ಈ ಮಧ್ಯೆ ನನಗೊಂದು ವಿಚಿತ್ರ ಚಟ ಹತ್ತಿತ್ತು. ಅಕ್ಕಿ ಆರಿಸಲು ಕೂತರೆ ನಾಲ್ಕು ಕಾಳು ಬಾಯಿಗೆ. ನಾಲ್ಕು ಹೋಗಿ ಹಿಡಿಯಾಯಿತು. ಕೊನೆಗೆ ಹಿತ್ತಲಿಗೆ ಹೋಗುವಾಗಲೂ ಸೆರಗಿನ ತುದಿಯಲ್ಲಿ ಅಕ್ಕಿ ಕಟ್ಟಿಕೊಂಡು ಕಟಕಟ ಅಗಿಯುವ ಮಟ್ಟಕ್ಕೆ ಬಂತು. ಮಣ್ಣಿನ ಮೇಲೆ ಮೊದಲ ಮಳೆ ಬಿದ್ದ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಹಸಿ ಅಕ್ಕಿ ತಿಂದರೆ ಮದುವೆಯಲ್ಲಿ ಮಳೆ ಬರುತ್ತದೆ ಎಂದು ಚಿಕ್ಕವಳಿದ್ದಾಗ ಅಮ್ಮ ಹೆದರಿಸುತ್ತಿದ್ದಳು. ಮದುವೆಯಾಗಿ ಇಪ್ಪತ್ತಮೂರು ವರ್ಷವಾಯಿತು, ಇನ್ನೇನು ಭಯ ಎಂದು ತಿಂದೆ. ಉಪ್ಪರಿಗೆಯ ಹದಿನಾಲ್ಕು ಮೆಟ್ಟಿಲಿಗೆ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದೆ. ಅದನ್ನು ದಪ್ಪವಾದದ್ದರ ಲೆಕ್ಕಕ್ಕೆ ಹಾಕಿದ್ದೆ.

ಸಿಕ್ಕಿಬಿದ್ದದ್ದು 2023ರ ಏಪ್ರಿಲ್ ಮೊದಲ ವಾರ, ಅತ್ತೆಯವರನ್ನು ಬಿ.ಪಿ. ತೋರಿಸಲು ಕರೆದೊಯ್ದ ದಿನ. ಹಳೆಯ ಡಾಕ್ಟರು ಅತ್ತೆಯವರ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಿದ್ದರು. ನಾನು ಫೈಲು ಮುಂದೆ ಹಿಡಿದೆ. ಅವರು ಫೈಲು ಬಿಟ್ಟು ನನ್ನ ಬೆರಳುಗಳನ್ನು ನೋಡಿದರು. ಉಗುರುಗಳು ಉಬ್ಬುವ ಬದಲು ಚಮಚದಂತೆ ತಗ್ಗಾಗಿದ್ದವು. ನಾನು ಪಾತ್ರೆ ತಿಕ್ಕುವ ಪುಡಿಯಿಂದ ಹಾಗಾಗಿದೆ ಎಂದುಕೊಂಡಿದ್ದೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. 'ಇಲ್ಲಿ ಪೇಷಂಟ್ ಯಾರು?' ಎಂದರು.

'ಅತ್ತೆ' ಎಂದೆ.

'ನೀವು ಅಕ್ಕಿ ತಿಂತೀರಾ?'

ನಾನು ಇಲ್ಲ ಎನ್ನುವ ಮೊದಲೇ ಅತ್ತೆ, 'ತಿಂತಾಳೆ! ಡಬ್ಬಿಗೆ ಇಲಿ ಬಿದ್ದಿದೆ ಅಂತ ನಾನು ಬೋನು ಇಟ್ಟಿದ್ದೆ' ಎಂದುಬಿಟ್ಟರು.

ರಕ್ತದಲ್ಲಿ ಕಬ್ಬಿಣ ಕಡಿಮೆಯಾದವರಿಗೆ ಅಕ್ಕಿ, ಸೀಮೆಸುಣ್ಣ, ಮಣ್ಣು ತಿನ್ನಬೇಕೆನಿಸುತ್ತದೆ ಎಂದು ನನಗೆ ಆ ದಿನ ತಿಳಿಯಿತು. ಅಲ್ಲೇ ರಕ್ತ ತೆಗೆಸಿದರು. ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು, ನನ್ನದು 6.2. 'ಇಷ್ಟರಲ್ಲಿ ನೀವು ಜಾತ್ರೆ ಅಡಿಗೆ ಮಾಡಿದಿರಾ?' ಎಂದು ಕೇಳಿದರು. ಹೊಗಳಿದರೆಂದು ಒಂದು ಕ್ಷಣ ಹೆಮ್ಮೆಯೂ ಆಯಿತು, ನೋಡಿ ನನ್ನ ಬುದ್ಧಿ! ಅವರು ನಗಲಿಲ್ಲ. ಹೃದಯ ಎಷ್ಟು ದಿನ ಹೀಗೆ ಓಡುತ್ತದೆ ಎಂದುಕೊಂಡಿದ್ದೀರಿ ಎಂದು ಕೇಳಿದರು. ಬೀಟ್ರೂಟಿನ ಮಾತೆತ್ತಿದೆ. 'ಕೆಂಪಗಿದ್ದ ಮಾತ್ರಕ್ಕೆ ಅದು ರಕ್ತ ಆಗಲ್ಲಮ್ಮ. ಊಟದ ಜೊತೆಗೆ ಕಾಫಿ, ಟೀ ಕುಡಿದರೆ ಸೊಪ್ಪಿನ ಕಬ್ಬಿಣವೂ ಮೈಗೆ ಹತ್ತಲ್ಲ' ಎಂದರು. ಈ ಸೊರಗು ನಮ್ಮ ನಡುವೆ ಎಷ್ಟು ಸಾಮಾನ್ಯವೆಂದರೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ ಇತ್ತಂತೆ. ಭಜನಾ ಮಂಡಳಿಯಲ್ಲಿ ನಾವು ಹದಿನೆಂಟು ಜನ. ನಾನು ಲೆಕ್ಕ ಹಾಕಿ ಅಲ್ಲಿಗೇ ನಿಲ್ಲಿಸಿದೆ.

70 ಕಿಲೋಮೀಟರ್ ಚಿಲ್ಲರೆ ದೂರದ ಶಿವಮೊಗ್ಗಕ್ಕೆ ಮಾರನೆಯ ದಿನವೇ ಹೊರಟೆವು. ಮಗನ ಇಬ್ಬರು ಸ್ನೇಹಿತರು ಬಂದು ರಕ್ತ ಕೊಟ್ಟರು. ಎರಡು ಬಾಟಲಿ ಏರಿಸಿದರು. ಸ್ಕ್ಯಾನಿಂಗಿಗೆ ಮೊದಲು ಒಂದು ಲೀಟರು ನೀರು ಕುಡಿಸಿ ಸಾಲಿನಲ್ಲಿ ಕೂರಿಸಿದ ಕಥೆ ಬೇಡ, ಅನುಭವಿಸಿದವರಿಗೆ ಹೇಳಬೇಕಿಲ್ಲ.

ಅಲ್ಲಿಯ ಲೇಡಿ ಡಾಕ್ಟರು 'ಎಷ್ಟು ದಿನದಿಂದ ಹೀಗೆ?' ಎಂದರು.

'ಎರಡು ತಿಂಗಳಿಂದ.' ನಮ್ಮವರು ಪಕ್ಕದಲ್ಲಿದ್ದರಲ್ಲ.

ಡಾಕ್ಟರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, 'ತಾರೀಖು ಎಲ್ಲಾದರೂ ಬರೆದಿದ್ದೀರಾ?' ಎಂದು ಕೇಳಿದರು. ಬರೆದಿದ್ದೆ. ಅಡಿಗೆಮನೆಯ ಮೊಳೆಗೆ ನಮ್ಮಲ್ಲಿ ಹೊಸ ವರ್ಷದ ಕ್ಯಾಲೆಂಡರನ್ನು ಹಳೆಯದರ ಮೇಲೆಯೇ ತೂಗುಹಾಕುತ್ತೇವೆ. ಮಗಳು ನಾಲ್ಕು ವರ್ಷದ ಎಲೆಗಳನ್ನೂ ಫೋಟೋ ತೆಗೆದು ಅಪ್ಪನ ಮೊಬೈಲಿಗೆ ಕಳಿಸಿದಳು. 'ಅತ್ತೆ ಬಿ.ಪಿ.', 'ಇವರ ಶುಗರ್', 'ಗ್ಯಾಸ್ ಬಂತು', 'ಫೀಸ್ ಕಟ್ಟಿದೆ' ಎಂದು ಎಲ್ಲದಕ್ಕೂ ಅಕ್ಷರ. ನನ್ನದಕ್ಕೆ ಮಾತ್ರ ಮೂಲೆಯಲ್ಲಿ ಪೆನ್ಸಿಲಿನ ಒಂದು ಚುಕ್ಕೆ. ಮೊದಮೊದಲು ತಿಂಗಳಿಗೆ ಮೂರು ಚುಕ್ಕೆ. ಎಲೆ ತಿರುಗಿಸುತ್ತ ಹೋದಂತೆ ರಂಗೋಲಿಗೆ ಇಟ್ಟ ಹಾಗೆ ಪುಟವೆಲ್ಲ ಚುಕ್ಕೆ.

ನಮ್ಮವರು ಬಹಳ ಹೊತ್ತು ಫೋನನ್ನೇ ನೋಡುತ್ತಿದ್ದರು. 'ಇದು ಹಾಲಿನವನು ಬಾರದ ದಿನ ಅಂದ್ಕೊಂಡಿದ್ದೆ ಕಣೇ' ಎಂದರು. 'ಇಷ್ಟು ದಿನ ಬರದೇ ಇದ್ದರೂ ದುಡ್ಡು ಪೂರ್ತಿ ತಗೋತೀಯಲ್ಲ ಅಂತ ಅವನ ಹತ್ತಿರ ಜಗಳ ಬೇರೆ ಆಡಿದೆ.' ನನಗೆ ನಗು ಬಂತು. ಅವರ ಕಣ್ಣು ನೋಡಿ ನಿಂತಿತು.

ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರಲು ಎಂಟು ದಿನ. ಆ ಎಂಟು ದಿನಗಳಲ್ಲಿ ಚಿಕ್ಕಮ್ಮ ಪ್ರತಿ ರಾತ್ರಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿ ಘಟ್ಟ ಇಳಿದಳು. ಕೊನೆಗೆ ಕ್ಯಾನ್ಸರ್ ಅಲ್ಲ ಎಂದು ಬಂತು. ಇದ್ದದ್ದು ನಿಂಬೆಹಣ್ಣಿಗಿಂತ ಚಿಕ್ಕ ಗಡ್ಡೆಯೊಂದು. ನಾನು ಗಂಟಲು ಸರಿಮಾಡಿಕೊಂಡು, 'ಹಾಗಾದರೆ ತೆಗೆಸಲೇಬೇಕಾ?' ಎಂದೆ. ಡಾಕ್ಟರು, 'ಏನನ್ನು? ಗರ್ಭಕೋಶವನ್ನಾ? ಯಾರು ಹೇಳಿದರು?' ಎಂದು ಅಚ್ಚರಿಪಟ್ಟರು. ಒಳಗೆ ಹಾರ್ಮೋನು ಬಿಡುವ ಪುಟ್ಟ ಸಾಧನ ಇಡಬಹುದು, ಐದಾರು ತಿಂಗಳು ನೋಡೋಣ, ಕಬ್ಬಿಣವನ್ನು ಡ್ರಿಪ್ಪಿನಲ್ಲಿ ಕೊಡೋಣ ಎಂದರು. ಎರಡೂವರೆ ವರ್ಷ ನಾನು ಹೆದರಿಕೊಂಡಿದ್ದ ಮಾತು ಅರ್ಧ ನಿಮಿಷದಲ್ಲಿ ಮುಗಿಯಿತು. ಎಲ್ಲರಿಗೂ ಹೀಗೆಯೇ ಆಗುತ್ತದೆಂದು ನಾನು ಹೇಳಲಾರೆ. ಕೆಲವರಿಗೆ ತೆಗೆಯಲೇಬೇಕಾಗುತ್ತದೆ. ಆದರೆ ನನಗೆ ನಾನೇ ತೀರ್ಪು ಬರೆದುಕೊಂಡು ಕೂತಿದ್ದೆನಲ್ಲ.

ಮನೆಗೆ ಬಂದ ಹದಿನೈದು ದಿನಕ್ಕೆ ಮೊರದ ಮುಂದೆ ಕೂತಾಗ ಅಕ್ಕಿ ಬರಿಯ ಅಕ್ಕಿಯ ಹಾಗೆ ಕಂಡಿತು.

ಅಂದು ಮಧ್ಯಾಹ್ನ ಅತ್ತೆ ಹಲಸಿನ ತೊಳೆ ಬಿಡಿಸುತ್ತಿದ್ದರು, ಹಪ್ಪಳದ ಕಾಲ. ಮನೆಯಲ್ಲಿ ಇನ್ನಾರೂ ಇರಲಿಲ್ಲ. ಕೈಗೆ ಎಣ್ಣೆ ಸವರಿಕೊಳ್ಳುತ್ತ, ನನ್ನ ಮುಖ ನೋಡದೆ, 'ಆ ಲೇಡಿ ಡಾಕ್ಟರು ಗದರ್ತಾರಾ?' ಎಂದು ಕೇಳಿದರು.

'ಇಲ್ಲತ್ತೆ. ಯಾಕೆ?'

'ಏನಿಲ್ಲ.' ಮತ್ತೆರಡು ತೊಳೆ ಬಿಡಿಸಿದರು. 'ಕೊನೇ ಹೆರಿಗೆ ಆದಾಗಿಂದ ನನಗೆ ಕೆಳಗೆ ಏನೋ ಜಾರಿದ ಹಾಗಿದೆ ಕಣೇ. ಎದ್ದು ನಿಂತರೆ ಹೊರಗೇ ಬರತ್ತೆ. ಒಳಗೆ ತಳ್ಳಿಕೊಂಡು ನಡೀತೀನಿ.'

ಕೊನೆಯ ಹೆರಿಗೆ ಎಂದರೆ ನನ್ನ ನಾದಿನಿ. ಅವಳಿಗೀಗ ನಲವತ್ತೊಂದು. ಅತ್ತೆ ಗೋಡೆ ಹಿಡಿದು ಕಾಲು ಅಗಲಿಸಿ ನಡೆಯುವುದನ್ನು ನಾನು ಬಂದಾಗಿನಿಂದ ನೋಡಿದ್ದೇನೆ. ಮಂಡಿನೋವು ಎಂದುಕೊಂಡಿದ್ದೆವು. ಎಷ್ಟು ವರ್ಷ ಆ ಮಂಡಿಗಳಿಗೆ ನಾನೇ ಎಣ್ಣೆ ತಿಕ್ಕಿದ್ದೇನೆ! ತಿಂಗಳು ತಪ್ಪದೆ ಡಾಕ್ಟರ ಬಳಿ ಕರೆದೊಯ್ದಿದ್ದೇನೆ. ಅವರು ತೋಳು ಚಾಚಿ ಬಿ.ಪಿ. ನೋಡಿಸಿಕೊಂಡು ಬಂದಿದ್ದಾರೆ.

ಕೈಯ ಮೇಣವನ್ನೂ ಲೆಕ್ಕಿಸದೆ ಎದ್ದು ಹೋಗಿ ಕ್ಯಾಲೆಂಡರ್ ನೋಡಿದೆ. 'ಬುಧವಾರ ಹೋಗಣ ಅತ್ತೆ. ಆಪರೇಷನ್ನೇ ಆಗಬೇಕೆಂದಿಲ್ಲ, ರಬ್ಬರಿನ ಬಳೆ ಥರದ್ದು ಇಡ್ತಾರಂತೆ.'

'ಈ ಬುಧವಾರನಾ? ಹಪ್ಪಳ ಒಂದು ಮುಗೀಲಿ ಮಾರಾಯ್ತಿ, ಆಮೇಲೆ ನೋಡಣ.'

ನಾನು ಅವರ ಮುಂದಿದ್ದ ಬುಟ್ಟಿಯನ್ನು ನನ್ನ ಕಡೆಗೆ ಎಳೆದುಕೊಂಡೆ. ಪೆನ್ಸಿಲ್ ಕೈಗೆ ಸಿಗಲಿಲ್ಲ. ಮಗಳ ಕೆಂಪು ಶಾಯಿಯ ಪೆನ್ನಿನಲ್ಲಿ ಬುಧವಾರದ ಮನೆಯೊಳಗೆ ಬರೆದೆ, ಚುಕ್ಕೆಯಲ್ಲ, ಅಕ್ಷರದಲ್ಲಿ: 'ಅತ್ತೆ, ಶಿವಮೊಗ್ಗ, ಬೆಳಿಗ್ಗೆ ಏಳರ ಬಸ್ಸು.'