ಹನ್ನೆರಡಕ್ಕೆ ತುಸು ಕಮ್ಮಿ

ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳ ಮೇಜಿನ ಮೇಲೆ 8051 ಮೈಕ್ರೊಕಂಟ್ರೋಲರ್ ಬೋರ್ಡು ಕಂಡರೆ, ಅದರ ಮೇಲಿನ ಬೆಳ್ಳಿ ಬಣ್ಣದ ಪುಟ್ಟ ಡಬ್ಬಿಯನ್ನು ಗಮನಿಸಿ. ಹೆಚ್ಚಾಗಿ ಅದರ ಮೇಲೆ 11.0592 ಎಂದು ಬರೆದಿರುತ್ತದೆ. ಒಳಗಿನ ಹರಳು ಸೆಕೆಂಡಿಗೆ 1,10,59,200 ಬಾರಿ ಮಿಡಿಯುತ್ತದೆ. ಹನ್ನೊಂದೂ ಅಲ್ಲ, ಹನ್ನೆರಡೂ ಅಲ್ಲ, ಇದೆಂಥ ಲೆಕ್ಕ ಎಂದು ಕೇಳುವ ಹುಡುಗರು ಕಡಿಮೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬರುವುದಿಲ್ಲವಲ್ಲ!

ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಮಾತ್ರ ಕೇಳಲೇಬೇಕಾಯಿತು. ಅಂಗಡಿಯಲ್ಲಿ ಆ ಹರಳು ಸಿಗದೆ 12ರದ್ದನ್ನು ತಂದಿದ್ದಳು. ಹತ್ತಿರ ಹತ್ತಿರವೇ ಇದೆಯಲ್ಲ ಎಂದು. ಕೋಣೆಯ ಉಷ್ಣತೆಯನ್ನು ಅಳೆದು ಕಂಪ್ಯೂಟರಿಗೆ ಕಳಿಸುವುದು ಅವಳ ಪ್ರಾಜೆಕ್ಟು. ಪರದೆಯ ಮೇಲೆ ಬಂದದ್ದು ಯಾವ ಭಾಷೆಗೂ ಸೇರದ ಚಿಹ್ನೆಗಳು. ಮೂರು ದಿನ ಪ್ರೋಗ್ರಾಮನ್ನು ತಿದ್ದಿದ್ದೇ ತಿದ್ದಿದ್ದು. ಸಿದ್ಧ ಪ್ರಾಜೆಕ್ಟು ಕೊಂಡು ತರೋಣ ಎಂದರು ಅಪ್ಪ. ಅಪ್ಪಂದಿರಿಗೆ ಇದು ಸುಲಭವಾಗಿ ಹೊಳೆಯುವ ಉಪಾಯ.

ಅಜ್ಜ ತಂತಿ ಕಚೇರಿಯಲ್ಲಿ ಟೆಲಿಪ್ರಿಂಟರ್ ನಡೆಸಿ ನಿವೃತ್ತರಾದವರು. 2013ರ ಜುಲೈನಲ್ಲಿ ಟೆಲಿಗ್ರಾಂ ಸೇವೆಯೇ ನಿಂತಿತು; ಅವರ ನೆನಪು ನಿಂತಿರಲಿಲ್ಲ. ಪರದೆ ನೋಡಿದವರೇ, "ವೇಗ ತಪ್ಪಿದೆ" ಎಂದರು. ಅವರ ಕಾಲದಲ್ಲಿ ಯಂತ್ರದ ಮೋಟಾರಿನ ವೇಗ ಸರಿಯಿದೆಯೇ ಎಂದು ನೋಡಲು ಶ್ರುತಿಕವಲನ್ನು ಮಿಡಿದು, ಅದರ ಸಂದಿಯಿಂದ ತಿರುಗುವ ಗುರುತುಗಳನ್ನು ನೋಡುತ್ತಿದ್ದರಂತೆ. ಗುರುತು ನಿಂತಂತೆ ಕಂಡರೆ ವೇಗ ಸರಿ.

ಅಜ್ಜನ ಯಂತ್ರಕ್ಕೂ ಮೊಮ್ಮಗಳ ಚಿಪ್ಪಿಗೂ ಇರುವ ನಂಟು ಬರಿಯ ಹೋಲಿಕೆಯಲ್ಲ. ಚಿಪ್ಪಿನೊಳಗೆ ಅಕ್ಷರ ಕಳಿಸುವ ಭಾಗಕ್ಕೆ ಯುಎಆರ್‌ಟಿ ಎಂದು ಹೆಸರು; ಅದರ ಕ್ರಮ ಟೆಲಿಪ್ರಿಂಟರಿನಿಂದಲೇ ಬಂದದ್ದು. ಹೋಗಲೊಂದು ತಂತಿ, ಬರಲೊಂದು, ನೆಲಕ್ಕೊಂದು. ಎರಡೂ ಕಡೆಗೆ ಒಂದೇ ತಾಳ ಹಾಕುವ ತಂತಿ ಮಾತ್ರ ಇಲ್ಲ. ಸುಮ್ಮನಿದ್ದಾಗ ತಂತಿಯ ವೋಲ್ಟೇಜು ಮೇಲಿರುತ್ತದೆ. ಅದು ಕೆಳಗಿಳಿಯಿತೋ, ಅಕ್ಷರ ಬರುತ್ತಿದೆ ಎಂದರ್ಥ. ಇದು ಸ್ಟಾರ್ಟ್ ಬಿಟ್. ಅಲ್ಲಿಂದ ಕೇಳುವ ಯಂತ್ರ ತನ್ನದೇ ಗಡಿಯಾರದಿಂದ ಎಣಿಸುತ್ತ, ಎಂಟು ಬಿಟ್‌ಗಳಲ್ಲಿ ಒಂದೊಂದನ್ನೂ ಅದರ ನಡುಮಧ್ಯದಲ್ಲಿ ನೋಡುತ್ತದೆ. ಬಳಿಕ ಸ್ಟಾಪ್ ಬಿಟ್. ಮುಂದಿನ ಅಕ್ಷರಕ್ಕೆ ಎಣಿಕೆ ಹೊಸದಾಗಿ ಶುರು. ಹೀಗಾಗಿ ಗಡಿಯಾರಗಳ ಸಣ್ಣಪುಟ್ಟ ಭೇದ ಒಂದು ಅಕ್ಷರದೊಳಗೇ ಮುಗಿದುಹೋಗುತ್ತದೆ.

ಆದರೆ ಭೇದ ಸಣ್ಣದಿರಬೇಕು. ಅಂದು ರಾತ್ರಿ ಹುಡುಗಿ ಕಾಗದ ತೆಗೆದುಕೊಂಡು ಭಾಗಿಸಿದಳು. 8051 ಹರಳಿನ ಮಿಡಿತವನ್ನು 12ರಿಂದ, ಆಮೇಲೆ 32ರಿಂದ, ಆಮೇಲೆ ಪ್ರೋಗ್ರಾಮಿನಲ್ಲಿ ಕೊಟ್ಟ 3ರಿಂದ ಭಾಗಿಸುತ್ತದೆ. 1,10,59,200ನ್ನು ಹೀಗೆ ಭಾಗಿಸಿದರೆ ಸರಿಯಾಗಿ 9600, ಕಂಪ್ಯೂಟರು ಕಾಯುತ್ತಿದ್ದ ವೇಗ. 1,20,00,000ನ್ನು ಭಾಗಿಸಿದರೆ ಸುಮಾರು 10,417. ನೂರಕ್ಕೆ ಎಂಟೂವರೆ ಹೆಚ್ಚು. ಬೋರ್ಡು ಒಂದು ಬಿಟ್ಟನ್ನು 96 ಮೈಕ್ರೊಸೆಕೆಂಡಿನಲ್ಲಿ ಮುಗಿಸಿದರೆ, ಕಂಪ್ಯೂಟರು 104 ಎಣಿಸುತ್ತಿತ್ತು. ಮೊದಲ ಐದು ಬಿಟ್ ಹೇಗೋ ಸರಿ. ಆರನೆಯದನ್ನು ನೋಡುವಷ್ಟರಲ್ಲಿ ಏಳನೆಯದು ಬಂದಾಗಿತ್ತು.

ಹರಳು ಬದಲಿಸಲು ಪೇಟೆಗೆ ಹೋಗಬೇಕು. ಅವಳು ಬೇರೆ ದಾರಿ ಹುಡುಕಿದಳು. 3ರ ಬದಲು 13ರಿಂದ ಭಾಗಿಸಿದರೆ 2404 ಬರುತ್ತದೆ. ಕಂಪ್ಯೂಟರನ್ನು 2400ಕ್ಕೆ ಇಳಿಸಿದಳು. ನೂರಕ್ಕೆ ಕಾಲು ಭಾಗದಷ್ಟೂ ವ್ಯತ್ಯಾಸವಿಲ್ಲ. ಉಷ್ಣತೆಯ ಅಂಕಿಗಳು ಸಾಲುಸಾಲಾಗಿ ಬಂದವು.

ನಿಧಾನವಾಯಿತೇನೋ ಎಂದು ಅವಳಿಗೆ ಅಳುಕು. ಅಜ್ಜ ಕನ್ನಡಕ ಸರಿಪಡಿಸಿಕೊಂಡು ಪರದೆಯನ್ನೇ ನೋಡುತ್ತಿದ್ದರು. "ಎಷ್ಟು ಅಂದೆ, 2400 ಬಾಡ್? ನಮ್ಮದು 50."