ಹೆಸರಿಲ್ಲದ ಕಲ್ಲುಗಳು

ಅಗಡಿಯಿಂದ ಬೆಳಗಿನ ಬಸ್ಸಿಗೆ ಹಾವೇರಿಗೆ ಬಂದಿದ್ದ ಅಪ್ಪ-ಮಗ, ಕಚೇರಿ ತೆರೆಯಲು ಇನ್ನೂ ಹೊತ್ತಿದೆಯೆಂದು ಸಿದ್ಧೇಶ್ವರ ಗುಡಿಗೆ ಹೋದರು. ಕೈಮುಗಿದು ಹೊರಬಂದ ಏಳನೆಯ ತರಗತಿಯ ಹುಡುಗ ಅಲ್ಲಿದ್ದ ವೀರಗಲ್ಲೊಂದರ ಮುಂದೆ ನಿಂತುಬಿಟ್ಟ.

"ಅಪ್ಪಾ, ಇಂವ ಯಾರು?"

"ಯಾರೋ ವೀರ ಇರಬೇಕಪಾ."

"ಅವನ ಹೆಸರು?"

ಅಪ್ಪನ ಬಳಿ ಉತ್ತರವಿರಲಿಲ್ಲ.

ಹಾವೇರಿ, ಹಾನಗಲ್ಲ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ, ನೆತ್ತಿಯಲ್ಲಿ ಸೂರ್ಯ ಚಂದ್ರರು. ಅವರಿರುವ ತನಕ ಇವನ ಕೀರ್ತಿಯೂ ಇರಲಿ ಎಂಬುದು ಕಲ್ಲು ನಿಲ್ಲಿಸಿದವರ ಆಸೆ. ರಾಜರ ಯುದ್ಧದಲ್ಲಿ ಮಡಿದವರಿಗಷ್ಟೇ ಅಲ್ಲ, ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವರಿಗೂ ಈ ಗೌರವ ಸಲ್ಲುತ್ತಿತ್ತು. ಮಡಿದವನ ಮನೆಯವರಿಗೆ ಭೂಮಿ ಕೊಡುವ ಪದ್ಧತಿಯೂ ಇತ್ತು. ಅದಕ್ಕೆ 'ನೆತ್ತರುಗೊಡಗೆ' ಎಂದು ಹೆಸರು. ಮಂಡ್ಯ ಜಿಲ್ಲೆಯ ಆತಕೂರಿನ 10ನೆಯ ಶತಮಾನದ ಕಲ್ಲೊಂದು ಕಾಡುಹಂದಿಯೊಡನೆ ಸೆಣಸಿ ಸತ್ತ ನಾಯಿಯ ಹೆಸರನ್ನೂ ಉಳಿಸಿದೆ. ಅದರ ಹೆಸರು ಕಾಳಿ.

ನಾಯಿಯ ಹೆಸರನ್ನೂ ಮರೆಯದ ನಾಡು ಇದು. ಹಾಗಿದ್ದರೂ ಮನುಷ್ಯರ ಹೆಸರು ಕಳೆದುಹೋಗುವುದು ಹೇಗೆ?

ಒಂದನೆಯ ಮಹಾಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಕಡಲು ದಾಟಿ ಹೋದರು. ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದ ಹಿಂದಿನ ಪಲ್ಟಣಗಳು ಇಂದಿನ ಇರಾಕಿನ ಕೂತ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕಿಕೊಂಡವು. ಅನ್ನ ಮುಗಿದು, 1916ರ ಏಪ್ರಿಲ್ 29ರಂದು ಅಲ್ಲಿನ ಸೇನೆ ಶರಣಾಯಿತು. ಸೆರೆಯಾದವರಲ್ಲಿ ಸಾವಿರಾರು ಜನ ಮರಳುಗಾಡಿನ ದಾರಿಯಲ್ಲಿ, ಸೆರೆಶಿಬಿರಗಳಲ್ಲಿ ಸತ್ತರು. ಆ ಸೀಮೆಯಲ್ಲಿ ಮಡಿದು ಗೋರಿ ಗುರುತಿಲ್ಲದವರಿಗಾಗಿ 1929ರಲ್ಲಿ ಬಸ್ರಾದಲ್ಲಿ ಸ್ಮಾರಕವೊಂದು ಎದ್ದಿತು. ಅದರ ಕಲ್ಲಿನ ಮೇಲೆ ಬ್ರಿಟಿಷ್ ಸಿಪಾಯಿಗಳ ಹೆಸರಿದೆ, ಭಾರತೀಯ ಅಧಿಕಾರಿಗಳ ಹೆಸರೂ ಇದೆ. ಸಾಮಾನ್ಯ ಭಾರತೀಯ ಸಿಪಾಯಿಗೆ ಮಾತ್ರ ಹೆಸರಿಲ್ಲ. ಇಂಥ ಪಲ್ಟಣದವರು ಇನ್ನೂ ಇಷ್ಟು ಮಂದಿ ಎಂಬ ಲೆಕ್ಕವಷ್ಟೇ. ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವು ಇಂಥ ತಾರತಮ್ಯ ನಡೆದದ್ದನ್ನು 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ನೂರು ವರ್ಷ ತಡವಾಯಿತು.

ಪರದೇಶದವರನ್ನು ದೂರುವುದು ಸುಲಭ. ನಮ್ಮ ಮಗ್ಗುಲಿನ ಮಾತೇನು?

ಆ ಸಂಜೆ ಅಗಡಿಯ ಮನೆಯ ಕಟ್ಟೆಯ ಮೇಲೆ ಹುಡುಗ ಕೇಳಿದ: "ಅಜ್ಜಾ, ನಮ್ಮ ಕಡೆ ಹೋರಾಡಿ ಸತ್ತವರು ಯಾರ್ಯಾರು?"

ಅಪ್ಪನೇ ಮುಂದಾಗಿ ಹೇಳಿದ: "ಮೈಲಾರ ಮಹಾದೇವ. ಮೋಟೆಬೆನ್ನೂರಿನವರು. ಗಾಂಧೀಜಿ ಜೊತಿ ದಂಡಿಗೆ ನಡೆದವರು. ಹೊಸರಿತ್ತಿಯಾಗ ಪೊಲೀಸರ ಗುಂಡಿಗೆ ಸತ್ತರು."

"ಅವರೊಬ್ಬರೇನಾ?" ಎಂದ ಅಜ್ಜ. ಅಪ್ಪ ಸುಮ್ಮನಾದ.

"1943ರ ಏಪ್ರಿಲ್ ಒಂದನೇ ತಾರೀಖು. ಸರಕಾರ ವಸೂಲಿ ಮಾಡಿಟ್ಟಿದ್ದ ಕಂದಾಯದ ರೊಕ್ಕ ವಶಮಾಡಿಕೊಳ್ಳಾಕ ಹೋಗಿದ್ದರು. ಬಿದ್ದವರು ಮೂವರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಈ ಎರಡೂ ಹೆಸರು ಬರಕೊ."

ಅವರು ಸಮವಸ್ತ್ರ ತೊಟ್ಟ ಸೈನಿಕರಲ್ಲ, ನಿಜ. ಆದರೆ ಊರಿಗಾಗಿ ಸತ್ತವನಿಗೆ ಕಲ್ಲು ನಿಲ್ಲಿಸಿದ ಹಿಂದಿನವರು ಸಮವಸ್ತ್ರ ಕೇಳಿದವರಲ್ಲ. ಒಬ್ಬರ ಹೆಸರು ಬೆಳಗಿದರೆ ಜೊತೆಗೆ ಬಿದ್ದವರ ಹೆಸರು ಮಸುಕಾಗಬೇಕೆಂದೇನೂ ಇಲ್ಲ. ಮಸುಕಾಗುವುದು ಯಾರ ದ್ವೇಷದಿಂದಲೂ ಅಲ್ಲ, ಮನೆಯಲ್ಲಿ ಯಾರೂ ಕೇಳದೆ ಹೋಗುವುದರಿಂದ.

ಹೊಲದ ಬದುವಿನಲ್ಲಿ, ಬಾವಿಯ ಕಟ್ಟೆಯಲ್ಲಿ ವೀರಗಲ್ಲು ಕಂಡರೆ ಅದರ ಮೇಲೆ ಬಟ್ಟೆ ಒಗೆಯದಿರುವುದು ಮೊದಲ ಗೌರವ. ಅಕ್ಷರಗಳಿದ್ದರೆ ಮಾಸ್ತರರಿಗೆ ತೋರಿಸುವುದು ಎರಡನೆಯದು. ಊರಿನಲ್ಲಿ ಸೈನ್ಯದಿಂದ ನಿವೃತ್ತರಾಗಿ ಬಂದವರಿದ್ದರೆ ಅವರ ಬಳಿ ಕುಳಿತು, ಜೊತೆಗಿದ್ದು ಹಿಂದಿರುಗದವರ ಹೆಸರು ಕೇಳಿ ಬರೆದಿಡುವುದು ಮೂರನೆಯದು. ಇದಕ್ಕೆ ದುಡ್ಡು ಬೇಡ. ಒಂದು ನೋಟುಬುಕ್ಕು, ಒಂದು ಸಂಜೆ ಸಾಕು.

ಹುಡುಗ ಇತಿಹಾಸದ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಮೂರು ಹೆಸರು ಬರೆದ. ಅವುಗಳ ಕೆಳಗೆ ಒಂದು ಸಾಲು ಖಾಲಿ ಬಿಟ್ಟ. ಏಕೆಂದು ಅಪ್ಪ ಕೇಳಿದ.

"ಗುಡಿಯಾಗ ನೋಡಿದಿವಲ್ಲ, ಅವನಿಗೆ."